ಮೊಲ ಬರೆದ ಕಳ್ಳನ ಮರ

ಮರಗಳಿಗಿಂತ ಬಂಡೆಗಳೇ ಹೆಚ್ಚಿದ್ದ ಒಂದು ಕುರುಚಲು ಕಾಡಿನಲ್ಲಿ ಒಂದು ಮರಿಮನೆ ಇತ್ತು. ಹಗಲು ಮೇವಿಗೆ ಹೋಗುವ ತಾಯಂದಿರು ತಮ್ಮ ಮರಿಗಳನ್ನು ಅಲ್ಲಿ ಬಿಟ್ಟು ಹೋಗುತ್ತಿದ್ದರು. ದೊಡ್ಡ ಬಂಡೆಯ ಕೆಳಗಿನ ಗುಹೆಯೇ ಆ ಮನೆ. ಅದಕ್ಕೊಂದು ಭಾರಿ ಬಾಗಿಲು. ಆ ಬಾಗಿಲನ್ನು ಕಾಯುತ್ತಿದ್ದದ್ದು ಯಾರು ಗೊತ್ತೇ? ಒಂದು ಕಂಪ್ಯೂಟರು! ಕಾಡಿಗೆ ಕಂಪ್ಯೂಟರು ಎಲ್ಲಿಂದ ಬಂತು ಎಂದು ಮೂಗು ಮುರಿಯಬೇಡಿ. ಮೊಲ ಮಾತಾಡಿದರೆ ಸುಮ್ಮನೆ ತಲೆಯಾಡಿಸುತ್ತೀರಿ, ಕಂಪ್ಯೂಟರು ಬಂದರೆ ಮಾತ್ರ ಅನುಮಾನವೇ?

ಅದನ್ನು ಕೂರಿಸಿದವನು ಬಾಲಪ್ಪ. ಕಪ್ಪು ಮೋರೆಯ, ಉದ್ದ ಬಾಲದ ಮುಸುವ ಅವನು. ಬಂಡೆಯ ನೆತ್ತಿಯ ಮೇಲೆ ಒಂದು ಸೋಲಾರ್ ಪ್ಯಾನೆಲ್ ಇಟ್ಟಿದ್ದ. ಅದರ ಮೇಲೆ ಬಿಸಿಲು ಬಿದ್ದರೆ ಕರೆಂಟು, ಕರೆಂಟು ಬಂದರೆ ಕಂಪ್ಯೂಟರಿಗೆ ಜೀವ. ಹೊತ್ತು ಮುಳುಗುವ ಮುಂಚೆ ತಾಯಂದಿರು ಬಾಗಿಲ ಮುಂದೆ ನಿಂತು ಪಾಸ್‌ವರ್ಡ್ ಹೇಳುತ್ತಿದ್ದರು. ಪಾಸ್‌ವರ್ಡ್ ಎಂದರೆ ಗುಟ್ಟಿನ ಮಾತು. ತಾಯಂದಿರನ್ನು ಬಿಟ್ಟು ಬೇರೆ ಯಾರಿಗೂ ಅದು ಗೊತ್ತಾಗಬಾರದು. ಮಾತು ಸರಿಯಿದ್ದರೆ ಹಸಿರು ದೀಪ ಹತ್ತಿ ಬಾಗಿಲು ಗರಗರನೆ ತೆರೆಯುತ್ತಿತ್ತು. ತಪ್ಪಿದರೆ ಕೆಂಪು ದೀಪ. ಬಾಗಿಲು ಜಪ್ಪಯ್ಯ ಎಂದರೂ ಅಲ್ಲಾಡುತ್ತಿರಲಿಲ್ಲ.

ಒಳಗೆ ಮರಿಗಳನ್ನು ನೋಡಿಕೊಳ್ಳುತ್ತಿದ್ದವಳು ಮುಳ್ಳಜ್ಜಿ ಎಂಬ ಮುದಿ ಮುಳ್ಳುಹಂದಿ. ಮುಳ್ಳುಹಂದಿಗಳು ರಾತ್ರಿ ತಿರುಗಾಡಿ ಹಗಲು ಮಲಗುವ ಜಾತಿ. ಹಗಲೆಲ್ಲ ಹೇಗೂ ಗುಹೆಯಲ್ಲೇ ಇರುತ್ತಾಳಲ್ಲ ಎಂದು ಅವಳಿಗೇ ಆ ಕೆಲಸ ಕೊಟ್ಟಿದ್ದರು. ಅವಳು ಇರುತ್ತಿದ್ದದ್ದೇನೋ ನಿಜ. ಆದರೆ ಬಿಸಿಲೇರಿತೆಂದರೆ ಗೊರಕೆ ಹೊಡೆಯುತ್ತಿದ್ದಳು. ಬಾಗಿಲು ಭದ್ರವಾಗಿತ್ತಲ್ಲ, ಯಾರೂ ಅದನ್ನು ದೊಡ್ಡದು ಮಾಡಲಿಲ್ಲ.

ಎಲ್ಲರೂ ನೆಮ್ಮದಿಯಾಗಿದ್ದರು, ಒಬ್ಬಳನ್ನು ಬಿಟ್ಟು. ಅವಳು ಗರಿಕೆ ಎಂಬ ಮೊಲ. ಅವಳಿಗೆ ಇದ್ದದ್ದು ಒಂದೇ ಮರಿ, ಪುಟಾಣಿ. ಬಯಲಿನ ಮೇಲೆ ಹದ್ದು ಸುತ್ತುತ್ತಿದ್ದರಿಂದ ಮರಿಯನ್ನು ಮೇವಿಗೆ ಕರೆದುಕೊಂಡು ಹೋಗುವಂತಿರಲಿಲ್ಲ. ಮರಿಮನೆ ಬಿಟ್ಟರೆ ಅವಳಿಗೆ ಗತಿಯಿರಲಿಲ್ಲ.

ಮೊಲಗಳ ಒಂದು ಪದ್ಧತಿ ನಿಮಗೆ ಗೊತ್ತಿರಲಿಕ್ಕಿಲ್ಲ. ಮೊಲ ನೇರವಾಗಿ ಹೋಗಿ ಮಲಗುವುದಿಲ್ಲ. ಬಂದ ದಾರಿಯಲ್ಲೇ ಸ್ವಲ್ಪ ಹಿಂದಕ್ಕೆ ಓಡುತ್ತದೆ, ಆಮೇಲೆ ಪಕ್ಕಕ್ಕೆ ಜಿಗಿದು ಪೊದೆ ಸೇರುತ್ತದೆ. ವಾಸನೆ ಹಿಡಿದು ಬರುವ ನರಿ ಎಲ್ಲಿ ಮೂಸುತ್ತದೆ, ಎಲ್ಲಿ ತಿರುಗುತ್ತದೆ ಎಂದು ಮೊದಲೇ ಯೋಚಿಸಿ ಮಾಡುವ ಕೆಲಸ ಅದು. ಮಲಗುವ ಮುನ್ನ ಒಂದು ಗಳಿಗೆ ನರಿಯಾಗುವುದು ಗರಿಕೆಗೆ ಅವಳ ತಾಯಿ ಕಲಿಸಿದ ಪಾಠ. ಮರಿಮನೆಯನ್ನು ನೋಡಿದಾಗಲೂ ಅವಳಿಗೆ ಅದೇ ಯೋಚನೆ: ನಾನು ನರಿಯಾಗಿದ್ದರೆ ಹೇಗೆ ಒಳಗೆ ಹೋಗುತ್ತಿದ್ದೆ?

ಒಂದು ಸಂಜೆ ಅವಳು ಎಲ್ಲರಿಗಿಂತ ಮೊದಲೇ ಬಂದಳು. ಮುಳ್ಳಜ್ಜಿಯನ್ನು ಹೊರಗೆ ಕರೆದು ಬಾಗಿಲ ಮುಂದಿನ ಮರಳಿನ ಮೇಲೆ ಕೂರಿಸಿದಳು.

"ಅಜ್ಜಿ, ಒಂದು ಆಟ ಆಡೋಣ. ನಾನೀಗ ನರಿ, ನೀನು ಕಾವಲು. ನಾನು ದಾರಿ ಹುಡುಕ್ತೀನಿ, ನೀನು ಅಡ್ಡ ಹಾಕು."

"ಹಾಕ್ತೀನಿ ಬಾರೇ!" ಎಂದಳು ಮುಳ್ಳಜ್ಜಿ. ನಿದ್ದೆ ಮುಗಿದಿತ್ತು, ಹುರುಪಿನಲ್ಲಿದ್ದಳು.

ಗರಿಕೆ ಕಡ್ಡಿಯಿಂದ ಮರಳಿನ ಮೇಲೆ ಒಂದು ಮರ ಬರೆದಳು. ಬುಡದಲ್ಲಿ ಒಂದು ಪುಟ್ಟ ಮೊಲದ ಮರಿ, ಅದರ ಮೇಲೆ ತೆರೆದ ಬಾಯಿ. "ಇದು ಕಳ್ಳನ ಆಸೆ. ಇದೇ ಬುಡ. ಕೊಂಬೆಗಳೆಲ್ಲ ಅವನ ದಾರಿ. ಮೊದಲನೇ ಕೊಂಬೆ, ಬಾಗಿಲು ಗುದ್ದಿ ಒಡೀತೀನಿ."

"ಗುದ್ದು. ಒಡೆಯೋದು ನಿನ್ನ ಹಣೆ!" ಅಜ್ಜಿ ಆ ಕೊಂಬೆಯ ಮೇಲೆ ಒಂದು ಬೆಣಚುಕಲ್ಲು ಇಟ್ಟಳು. ಆ ದಾರಿ ಮುಚ್ಚಿತು.

"ನೆಲ ತೋಡ್ಕೊಂಡು ಬರ್ತೀನಿ."

"ಕೆಳಗೂ ಬಂಡೆ ಕಣೇ, ಉಗುರೇ ಕಿತ್ತು ಬರುತ್ತೆ." ಇನ್ನೊಂದು ಕಲ್ಲು.

"ಪೊದೆ ಹಿಂದೆ ಕೂತು ಪಾಸ್‌ವರ್ಡ್ ಕದ್ದು ಕೇಳ್ತೀನಿ."

"ಹೇಳೋ ಮುಂಚೆ ಎಲ್ಲರೂ ಸುತ್ತ ನೋಡ್ತಾರೆ. ಬಾಗಿಲಿಗೆ ಮೂತಿ ಹಚ್ಚಿ ಹೇಳ್ತಾರೆ. ಪೊದೆಗೆ ಎಲ್ಲಿಂದ ಕೇಳಬೇಕು?" ಮತ್ತೊಂದು ಕಲ್ಲು. ಅಜ್ಜಿ ನಕ್ಕಳು.

ಗರಿಕೆ ಮೇಲೆ ನೋಡಿದಳು. ಬಂಡೆಯ ನೆತ್ತಿಯಲ್ಲಿ ಪ್ಯಾನೆಲ್ ಹೊಳೆಯುತ್ತಿತ್ತು. "ಅದರ ಮೇಲೆ ಎಲೆ ಹೊದಿಸ್ತೀನಿ. ಕರೆಂಟು ನಿಲ್ಲುತ್ತೆ."

ಮುಳ್ಳಜ್ಜಿಯ ಕೈಯಲ್ಲಿ ಕಲ್ಲು ಹಾಗೇ ನಿಂತಿತು. ಕರೆಂಟು ನಿಂತರೆ ಬಾಗಿಲು ಏನಾಗುತ್ತದೆ? ಇಬ್ಬರಿಗೂ ಗೊತ್ತಿರಲಿಲ್ಲ. ಹುಣಸೆ ಮರದಲ್ಲಿ ಕೂತಿದ್ದ ಬಾಲಪ್ಪನನ್ನು ಕೂಗಿ ಕೇಳಿದರು. ಅವನು ಎದೆಯುಬ್ಬಿಸಿಕೊಂಡು ಇಳಿದು ಬಂದ.

"ತಾನಾಗೇ ತೆರೆದುಕೊಳ್ಳುತ್ತೆ! ಇಲ್ಲದಿದ್ರೆ ಮರಿಗಳು ಒಳಗೇ ಸಿಕ್ಕಿ ಉಸಿರುಕಟ್ಟಿ ಸಾಯಬೇಕಾ? ಅವುಗಳ ಮೇಲಿನ ಪ್ರೀತಿಯಿಂದಲೇ ಹಾಗೆ ಮಾಡಿದ್ದೀನಿ."

ಗರಿಕೆ ಕೊನೆಯ ಕೊಂಬೆಯಲ್ಲಿ ಸೂರ್ಯನನ್ನು ಬರೆದು, ಅದರ ಮೇಲೆ ಎಲೆ ಬರೆದು, ಪಕ್ಕದಲ್ಲಿ ತೆರೆದ ಬಾಗಿಲು ಬರೆದಳು. "ಅಜ್ಜಿ, ಬಾಗಿಲು ತೆರೆದೇ ಬಿಟ್ಟರೆ ಏನು ಮಾಡ್ತೀಯ?"

"ಗುಹೆಯ ಹಿಂದೆ ಒಂದು ಸಂದು ಇದೆ. ಎಳೆ ಜಿಂಕೆಕರುವಿನವರೆಗೂ ಹಿಡಿಸುತ್ತೆ, ನರಿಯ ಮೈ ಮಾತ್ರ ಅದರೊಳಗೆ ತೂರಲ್ಲ. ಮರಿಗಳನ್ನ ಅಲ್ಲಿಗೆ ನುಗ್ಗಿಸಿ, ಬಾಗಿಲಿಗೆ ಬೆನ್ನು ಮಾಡಿ ನಿಲ್ತೀನಿ. ಆದ್ರೆ..." ಎಂದು ಮುಳ್ಳಜ್ಜಿ ಮುಖ ಸಣ್ಣದು ಮಾಡಿದಳು, "ಎಚ್ಚರ ಇದ್ದರೆ."

ಅಷ್ಟರಲ್ಲಿ ಉಳಿದ ತಾಯಂದಿರು ಬಂದರು. ಕಾಡುಕೋಳಿ, ಅಳಿಲು, ಜಿಂಕೆ, ಎಲ್ಲರೂ ಮರಳಿನ ಸುತ್ತ ನಿಂತು ಮರವನ್ನು ನೋಡಿದರು. ಬುಡದಲ್ಲಿದ್ದ ಮರಿಯನ್ನೂ ಬಾಯಿಯನ್ನೂ ನೋಡಿ ಕಾಡುಕೋಳಿ ಕಿರುಚಿಕೊಂಡಿತು.

"ಥೂ! ಇದೇನು ಅಪಶಕುನ? ಮರಿಗಳನ್ನ ತಿನ್ನೋದು ಹೇಗೆ ಅಂತ ಬರೆದಿದ್ದೀಯಲ್ಲೇ!"

"ತಿನ್ನೋನು ಹೇಗೆ ಯೋಚನೆ ಮಾಡ್ತಾನೆ ಅಂತ ಬರೆದಿದ್ದೀನಿ ಅಕ್ಕ. ಆಗ ತಾನೇ ಕಾಯೋಕೆ ಆಗೋದು?"

ಬಾಲಪ್ಪನಿಗೆ ಈಗ ಅರ್ಥವಾಯಿತು. ಇವಳು ತನ್ನ ಬಾಗಿಲಲ್ಲಿ ತಪ್ಪು ಹುಡುಕುತ್ತಿದ್ದಾಳೆ! ಅವನ ಕಪ್ಪು ಮೋರೆ ಇನ್ನೂ ಕಪ್ಪಾಯಿತು. "ಇಷ್ಟು ದಿನ ಒಂದು ಮರಿಯ ಕೂದಲೂ ಕೊಂಕಿಲ್ಲ. ನನ್ನ ಕೆಲಸದಲ್ಲಿ ಹುಳುಕು ಹುಡುಕೋಕೆ ನೀನ್ಯಾರು?"

ಗಲಾಟೆ ಕೇಳಿ ಇನ್ನೊಬ್ಬನೂ ಬಂದ. ಅವನು ಸಂಪನ್ನ ಎಂಬ ನರಿ. ಮಾಂಸ ಬಿಟ್ಟುಬಿಟ್ಟಿದ್ದೇನೆ, ಈಗ ಬರೀ ಹಣ್ಣು ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಬಾಲಪ್ಪ ಸಿಕ್ಕಾಗಲೆಲ್ಲ ಅವನ ಕಂಪ್ಯೂಟರನ್ನು ಹೊಗಳಿ ಅಟ್ಟಕ್ಕೇರಿಸುತ್ತಿದ್ದ. ಈಗ ಅವನ ಕಣ್ಣು ಮರಳಿನ ಮೇಲೆ ಓಡಿತು. ಎಲ್ಲ ಕೊಂಬೆಗೂ ಕಲ್ಲು ಇತ್ತು, ಒಂದಕ್ಕೆ ಮಾತ್ರ ಇರಲಿಲ್ಲ. ಅವನು ಮೆಲ್ಲಗೆ ಕೆಮ್ಮಿದ.

"ನಾನು ಹೊರಗಿನವನು, ಬಾಯಿ ಹಾಕಬಾರದು. ಆದರೂ ಕೇಳ್ತೀನಿ ಬಾಲಪ್ಪನವರೇ. ಒಳ್ಳೆಯವರ ತಲೇಲಿ ಕಳ್ಳದಾರಿ ಹೇಗೆ ಹೊಳೆಯುತ್ತೆ? ನಿಮಗೆ ಹೊಳೀತಾ? ಈ ಕೋಳಿಯಮ್ಮನಿಗೆ ಹೊಳೀತಾ? ಇವಳೊಬ್ಬಳಿಗೇ ಇಷ್ಟೊಂದು ಹೊಳೀಬೇಕು ಅಂದ್ರೆ..." ಅಷ್ಟಕ್ಕೇ ನಿಲ್ಲಿಸಿ ನಿಟ್ಟುಸಿರು ಬಿಟ್ಟ.

ಎಂಥ ಚಾಲಾಕು ನೋಡಿ! ಪೂರ್ತಿ ಹೇಳಲೇ ಇಲ್ಲ, ಉಳಿದದ್ದನ್ನು ಕೇಳಿದವರೇ ತುಂಬಿಸಿಕೊಂಡರು. ತಾಯಂದಿರು ಗರಿಕೆಯನ್ನು ಬಿಟ್ಟು ಒಂದೊಂದು ಹೆಜ್ಜೆ ಹಿಂದೆ ಸರಿದರು. ಬಾಲಪ್ಪ ಅಲ್ಲೇ ತೀರ್ಪು ಕೊಟ್ಟ.

"ನಾಳೆಯಿಂದ ಹೊಸ ಪಾಸ್‌ವರ್ಡ್. ಅದನ್ನ ಗರಿಕೆಗೆ ಯಾರೂ ಹೇಳಬಾರದು. ಅವಳ ಮರಿಯನ್ನ ಬೇರೆ ಯಾರಾದರೂ ಹೊರಗೆ ಕರೆದು ಕೊಡಲಿ. ಈ ಹಾಳು ಮರವನ್ನ ಅಳಿಸಿಹಾಕಿ!"

"ನೀವೆಲ್ಲ ದಣಿದು ಬಂದಿದ್ದೀರಿ," ಎಂದ ಸಂಪನ್ನ, ಬಾಲ ಆಡಿಸುತ್ತ. "ನಾನೇ ಅಳಿಸ್ತೀನಿ, ನೀವು ಮನೆಗೆ ಹೊರಡಿ."

ಗರಿಕೆಗೆ ಅಳು ಬಂತು, ಸಿಟ್ಟೂ ಬಂತು. ಮರಿಯನ್ನು ಕರೆದುಕೊಂಡು ಹೊರಟುಹೋದಳು.

ಮರುದಿನ ಸಂಜೆ ಅವಳು ದೂರದಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲಬೇಕಾಯಿತು. ತನ್ನ ಮಗುವನ್ನು ಕರೆದುಕೊಳ್ಳಲು ಬಂದವಳು ಕಳ್ಳಿಯ ಹಾಗೆ ನಿಲ್ಲುವುದೆಂದರೆ ಎಷ್ಟು ಸಂಕಟ! ಕಾಡುಕೋಳಿ ಪಾಸ್‌ವರ್ಡ್ ಹೇಳಿ ಪುಟಾಣಿಯನ್ನು ಕರೆತಂದು, ಮುಖ ನೋಡದೆ ಒಪ್ಪಿಸಿ ಹೋಯಿತು. ಮರಿ ಕುಣಿಯುತ್ತ ಬಂತು. ದಾರಿಯಲ್ಲಿ ಹಾಡಲು ಶುರು ಮಾಡಿತು.

"ಕವಳೆಹಣ್ಣು ಕಪ್ಪು ಕಪ್ಪು! ಕವಳೆಹಣ್ಣು ಕಪ್ಪು ಕಪ್ಪು!"

"ಚೆನ್ನಾಗಿದೆಯಲ್ಲೋ ಹಾಡು, ಮುಳ್ಳಜ್ಜಿ ಹೇಳಿಕೊಟ್ಟಳಾ?"

"ಇಲ್ಲಮ್ಮ. ಹೊರಗಿಂದ ಹೀಗೆ ಅಂದ್ರೆ ಬಾಗಿಲು ತೆಗೆಯುತ್ತೆ. ಒಳಗೆ ನಮಗೆಲ್ಲ ಕೇಳುತ್ತಲ್ಲ!"

ಗರಿಕೆ ಗಬಕ್ಕನೆ ಮರಿಯ ಬಾಯಿ ಮುಚ್ಚಿದಳು. ಅವಳಿಂದ ಬಚ್ಚಿಟ್ಟ ಹೊಸ ಪಾಸ್‌ವರ್ಡ್ ಅವಳ ಮಗುವಿನ ಬಾಯಲ್ಲೇ ಇತ್ತು! ಅವಳೂ ಮುಳ್ಳಜ್ಜಿಯೂ ಬಾಗಿಲ ಹೊರಗಿನ ಕಿವಿಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದರು. ಒಳಗಿನ ಕಿವಿಗಳನ್ನು ಮರೆತೇಬಿಟ್ಟಿದ್ದರು. ಈಗ ಹೋಗಿ ಹೇಳಿದರೆ ಯಾರು ನಂಬುತ್ತಾರೆ? ಪಾಸ್‌ವರ್ಡ್ ಕದ್ದಳು ಎಂದು ಕಾಡಿನಿಂದಲೇ ಓಡಿಸುತ್ತಾರೆ. ಅವಳು ಬಾಯಿ ಹೊಲಿದುಕೊಂಡು ಸುಮ್ಮನಾದಳು.

ಮಾರನೇ ಬೆಳಗ್ಗೆ ಮರಿಯನ್ನು ಬಿಡಲು ಬಂದಾಗ, ಹಿಂದಿನ ದಿನ ಸಿಟ್ಟಿನಲ್ಲಿ ಗಮನಿಸದಿದ್ದ ಮರಳಿನ ಕಡೆ ಅವಳ ಕಣ್ಣು ಹೋಯಿತು. ಸಂಪನ್ನ ತನ್ನ ಬಾಲದಿಂದ ಮರವನ್ನು ಅಳಿಸಿದ್ದ. ಆದರೆ ಸೂರ್ಯನ ಕೊಂಬೆ ಇದ್ದ ಜಾಗದಲ್ಲಿ ನರಿ ಕುಂಡೆಯೂರಿ ಕೂತ ಗುರುತು ಆಳವಾಗಿ ಬಿದ್ದಿತ್ತು. ಅಲ್ಲೇ ಬಹಳ ಹೊತ್ತು ಕೂತು ನೋಡಿದ್ದಾನೆ! ಗರಿಕೆ ತಲೆ ಚಚ್ಚಿಕೊಂಡಳು. ಮರ ಬರೆದದ್ದು ತಪ್ಪಲ್ಲ, ಅದನ್ನು ಬಯಲಲ್ಲಿ ಬಿಟ್ಟು ಹೋದದ್ದು ತನ್ನ ತಪ್ಪು.

ಹುಣಸೆ ಮರದ ಕೆಳಗೆ ಓಡಿಹೋಗಿ ಕೂಗಿದಳು. "ಬಾಲಪ್ಪಣ್ಣ! ನರಿ ಪ್ಯಾನೆಲ್ ಮುಚ್ಚೋಕೆ ಬರ್ತಾನೆ. ಬಾಗಿಲಿಗೆ ಒಳಗಿನಿಂದ ಒಂದು ಅಗುಳಿ ಹಾಕಿಸಣ್ಣ, ಕೈ ಮುಗೀತೀನಿ."

"ಮತ್ತೆ ಶುರು ಮಾಡಿದೆಯಾ? ಹೋಗು ಹೋಗು, ಕೆಲಸ ನೋಡು," ಎಂದು ಬಾಲಪ್ಪ ಹುಣಸೆ ಚಿಗುರು ಅಗಿಯುತ್ತ ಆ ಕಡೆ ತಿರುಗಿ ಕೂತ.

ಗರಿಕೆ ಆ ದಿನ ಮೇಯಲು ಹೋಗಲಿಲ್ಲ. ಬಂಡೆ ಕಾಣುವ ಹಾಗೆ ಬಾದೆಹುಲ್ಲಿನಲ್ಲಿ ಅಡಗಿ ಕೂತಳು. ಬಿಸಿಲು ನೆತ್ತಿಗೇರಿತು. ತಾಯಂದಿರೆಲ್ಲ ದೂರ ಹೋಗಿದ್ದರು, ಬಾಲಪ್ಪನೂ ಹುಣಸೆ ಮರದಲ್ಲಿರಲಿಲ್ಲ. ಗುಹೆಯೊಳಗಿಂದ ಮುಳ್ಳಜ್ಜಿಯ ಗೊರಕೆ ಸಣ್ಣಗೆ ಕೇಳುತ್ತಿತ್ತು. ಆಗ ಬಂಡೆಯ ಹಿಂಬದಿಯಿಂದ ಒಂದು ಬಾಲ ಕಾಣಿಸಿತು. ಸಂಪನ್ನನೇ! ಬಾಯಿ ತುಂಬ ಮುತ್ತುಗದ ಅಗಲ ಎಲೆಗಳನ್ನು ಕಚ್ಚಿಕೊಂಡು ಬಂಡೆ ಹತ್ತುತ್ತಿದ್ದ!

ಕೂಗಿದರೆ ಯಾರೂ ಬರುವಷ್ಟು ಹತ್ತಿರ ಇರಲಿಲ್ಲ. ಗರಿಕೆ ಬಾಗಿಲಿಗೆ ಓಡಿದಳು. ಪಾಸ್‌ವರ್ಡ್ ಹೇಳಿದರೆ ತಾನು ಕಳ್ಳಿ ಎಂದು ತಾನೇ ಒಪ್ಪಿಕೊಂಡ ಹಾಗೆ. ಹೇಳದಿದ್ದರೆ ಒಳಗೆ ಪುಟಾಣಿ, ಒಳಗೆ ಎಲ್ಲರ ಮರಿಗಳು. ಅವಳು ಬಾಗಿಲಿಗೆ ಮೂತಿ ಹಚ್ಚಿದಳು.

"ಕವಳೆಹಣ್ಣು ಕಪ್ಪು ಕಪ್ಪು!"

ಹಸಿರು ದೀಪ! ಬಾಗಿಲು ತೆರೆಯಿತು. ಅವಳು ಒಳಗೆ ಹಾರಿದಳು, ಹಿಂದೆಯೇ ಬಾಗಿಲು ಮುಚ್ಚಿಕೊಂಡಿತು.

"ಅಜ್ಜಿ! ಏಳು ಅಜ್ಜಿ! ಸೂರ್ಯನ ಕೊಂಬೆ!"

ಮುಳ್ಳಜ್ಜಿ ಧಡಕ್ಕನೆ ಎದ್ದಳು. ಏನು, ಎತ್ತ, ಹೇಗೆ ಬಂದೆ ಎಂದು ಕೇಳುತ್ತ ಕೂರಲಿಲ್ಲ. ಆ ಆಟವನ್ನು ಅವಳು ಆಡಿದ್ದಳಲ್ಲ, ಮುಂದೇನು ಮಾಡಬೇಕೆಂದು ಚೆನ್ನಾಗಿ ಗೊತ್ತಿತ್ತು. ಇಬ್ಬರೂ ಸೇರಿ ಮರಿಗಳನ್ನು ಹಿಂದಿನ ಸಂದಿಗೆ ನುಗ್ಗಿಸಿದರು. ಕೋಳಿಮರಿಗಳು, ಅಳಿಲಿನ ಮರಿಗಳು, ಜಿಂಕೆಯ ಕರು, ಕೊನೆಗೆ ಪುಟಾಣಿ. ಗರಿಕೆ ಸಂದಿಯ ಬಾಯಲ್ಲಿ ಕೂತಳು. ಮುಳ್ಳಜ್ಜಿ ಬಾಗಿಲಿಗೆ ಬೆನ್ನು ತಿರುಗಿಸಿ ನಿಂತು ಮೈಯ ಮುಳ್ಳನ್ನೆಲ್ಲ ನೆಟ್ಟಗೆ ನಿಲ್ಲಿಸಿದಳು.

ಕಂಪ್ಯೂಟರಿನ ದೀಪ ಮಿಣುಕಿತು. ಮತ್ತೆ ಮಿಣುಕಿತು. ಆರಿಹೋಯಿತು. ಗರಗರ ಗರಗರ, ಬಾಗಿಲು ತಾನಾಗಿ ತೆರೆದುಕೊಂಡಿತು!

ಹೊರಗೆ ಕಣ್ಣು ಕುಕ್ಕುವ ಬಿಸಿಲು, ಒಳಗೆ ಕತ್ತಲು. ಸಂಪನ್ನನಿಗೆ ಏನೂ ಕಾಣಲಿಲ್ಲ, ಮರಿಗಳ ವಾಸನೆ ಮಾತ್ರ ಬಂತು. "ಬನ್ನಿ ಮಕ್ಕಳೇ, ನಿಮ್ಮ ಮಾವ ಬಂದಿದ್ದೀನಿ," ಎಂದು ಬಾಯಿ ಅಗಲಿಸಿ ಜಿಗಿದ. ಜಿಗಿದವನು ಬಿದ್ದದ್ದು ನೇರ ಮುಳ್ಳಜ್ಜಿಯ ಬೆನ್ನಿನ ಮೇಲೆ.

ಆ ಊಳು ಕಾಡಿನ ಆಚೆ ಕೊನೆಗೂ ಕೇಳಿಸಿತಂತೆ! ಮೂತಿಯಲ್ಲಿ ಮುಳ್ಳು, ನಾಲಿಗೆಯಲ್ಲಿ ಮುಳ್ಳು, ದವಡೆಯಲ್ಲಿ ಮುಳ್ಳು. ಸಂಪನ್ನ ಹೊರಗೆ ಉರುಳಿ ಬಿದ್ದು ಮರಳಿನಲ್ಲಿ ಹೊರಳಾಡಿದ. ತಾಯಂದಿರು ಬಿದ್ದೆನೋ ಎದ್ದೆನೋ ಎಂದು ಓಡಿ ಬಂದರು. ಬಾಲಪ್ಪ ಕೊಂಬೆಯಿಂದ ಕೊಂಬೆಗೆ ಹಾರಿ ಬಂದು ಬಂಡೆಯ ನೆತ್ತಿ ನೋಡಿದ. ಪ್ಯಾನೆಲ್ ಕಾಣಲಿಲ್ಲ, ಮುತ್ತುಗದ ಎಲೆ ಕಾಣಿಸಿತು.

ಆದರೆ ಸಂಪನ್ನ ಇನ್ನೂ ಸೋತಿರಲಿಲ್ಲ. ಗುಹೆಯೊಳಗೆ ಗರಿಕೆಯ ಉದ್ದ ಕಿವಿ ಕಂಡದ್ದೇ, ಮುಳ್ಳು ಚುಚ್ಚಿದ ನಾಲಿಗೆಯಲ್ಲೇ ತೊದಲಿದ. "ಮರಿಗಳನ್ನ ಕಾಪಾಡೋಕೆ ಬಂದೆ! ಕಳ್ಳಿ ಒಳಗಿದ್ದಾಳೆ, ಆ ಮೊಲ! ಅವಳಿಗೆ ಪಾಸ್‌ವರ್ಡ್ ಹೇಗೆ ಗೊತ್ತಾಯ್ತು, ಕೇಳಿ ಅವಳನ್ನ!"

ಎಲ್ಲರೂ ಬಾಗಿಲ ಕಡೆ ತಿರುಗಿದರು. ಗರಿಕೆ ಹೊರಗೆ ಬಂದು ನಿಂತಳು. ಹಿಂದೆ ಮರಿಗಳೂ ಒಂದೊಂದಾಗಿ ಬಂದವು.

"ನಿಜ ಹೇಳು ಗರಿಕೆ," ಎಂದ ಬಾಲಪ್ಪ. "ನಿನಗೆ ಹೊಸ ಪಾಸ್‌ವರ್ಡ್ ಹೇಳಿದ್ದು ಯಾರು?"

ಗರಿಕೆ ಬಾಯಿ ತೆರೆಯುವ ಮುಂಚೆಯೇ ಪುಟಾಣಿ ಕಿವಿ ನಿಮಿರಿಸಿತು. "ನಂಗೊತ್ತು, ನಂಗೊತ್ತು! ಕವಳೆಹಣ್ಣು ಕಪ್ಪು ಕಪ್ಪು!" ಅಷ್ಟು ಸಾಕಾಯಿತು. ಕೋಳಿಮರಿಗಳು, ಅಳಿಲಿನ ಮರಿಗಳು, ಜಿಂಕೆಯ ಕರು ಎಲ್ಲವೂ ಕುಣಿಯುತ್ತ ಶುರು ಮಾಡಿದವು. "ಕವಳೆಹಣ್ಣು ಕಪ್ಪು ಕಪ್ಪು! ಕವಳೆಹಣ್ಣು ಕಪ್ಪು ಕಪ್ಪು!" ಹಳೆಯ ಪಾಸ್‌ವರ್ಡನ್ನೂ ಬಿಡಲಿಲ್ಲ, ಅದಕ್ಕಿಂತ ಹಳೆಯದನ್ನೂ ಬಿಡಲಿಲ್ಲ. ಎಲ್ಲವನ್ನೂ ರಾಗವಾಗಿ ಹಾಡಿ ಮುಗಿಸಿದವು.

ಬಾಲಪ್ಪ ತಲೆ ಮೇಲೆ ಕೈ ಹೊತ್ತು ಕೂತುಬಿಟ್ಟ. ಕಾಡುಕೋಳಿ ನಾಚಿಕೆಯಿಂದ ರೆಕ್ಕೆಯೊಳಗೆ ಮುಖ ಹುದುಗಿಸಿಕೊಂಡಿತು. ಆಮೇಲೆ ಅದೇ ರೋಷದಲ್ಲಿ ಎದ್ದು ಸಂಪನ್ನನ ನೆತ್ತಿ ಕುಕ್ಕಿತು. ಜಿಂಕೆ ಕೊಟ್ಟ ಒದೆಗೆ ಅವನು ಬಂಡೆಯಾಚೆ ಹೋಗಿ ಬಿದ್ದ. ದವಡೆಯ ಮುಳ್ಳುಗಳು ಮುರಿದು ಒಳಗೇ ಉಳಿದವು, ಗಟ್ಟಿಯಾದದ್ದೇನನ್ನೂ ಅವನು ಕಡಿಯುವಂತಿರಲಿಲ್ಲ. ಹಣ್ಣು ಮಾತ್ರ ತಿನ್ನುತ್ತೇನೆ ಎಂದು ಸುಳ್ಳು ಹೇಳಿಕೊಂಡು ತಿರುಗಿದವನು, ಅಂದಿನಿಂದ ಬದುಕಿರುವ ತನಕ ಉದುರಿದ ಮೆತ್ತನೆ ಹಣ್ಣನ್ನೇ ತಿಂದ.

"ಗರಿಕೆ, ನಿನ್ನ ಮರ ಸರಿ ಇತ್ತು ಕಣವ್ವ," ಎಂದ ಬಾಲಪ್ಪ, ದನಿ ಇಳಿಸಿ. "ಅದನ್ನ ಅಳಿಸೋಕೆ ನರಿ ಕೈಗೇ ಬಿಟ್ಟೆನಲ್ಲ, ನಾನೆಂಥ ಪೆದ್ದ!"

ಗರಿಕೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಿನಗೆ ಬಾಗಿಲಿನ ಮೇಲೆ ಪ್ರೀತಿ ಬಾಲಪ್ಪಣ್ಣ. ನನಗೆ ಬಾಗಿಲ ಹಿಂದೆ ಮಗು ಇತ್ತು." ಹಾಗೆಂದು ಪುಟಾಣಿಯನ್ನು ಎಳೆದುಕೊಂಡು ಅದರ ಬೆನ್ನು ಸವರಿದಳು. ಸ್ವಲ್ಪ ಹೊತ್ತಿನ ಮೇಲೆ ಮುಳ್ಳಜ್ಜಿಯನ್ನು ನೋಡಿ ನಗುವೂ ಬಂತು.

ಆ ವಾರವೇ ಬಾಗಿಲಿಗೆ ಒಳಗಿನಿಂದ ಗಟ್ಟಿ ಅಗುಳಿ ಬಿತ್ತು. ಕರೆಂಟು ಹೋದರೂ ಮುಳ್ಳಜ್ಜಿ ತೆಗೆದರೆ ಮಾತ್ರ ಬಾಗಿಲು ತೆರೆಯುತ್ತಿತ್ತು. ಹಗಲು ಅವಳ ಜೊತೆ ಎಚ್ಚರವಿರಲು ತಾಯಂದಿರು ಸರದಿ ಹಾಕಿಕೊಂಡರು. ಪಾಸ್‌ವರ್ಡ್ ಮರಿಗಳಿಗೆ ಕೇಳಿಸದಂತೆ ಬಾಲಪ್ಪ ಬಾಗಿಲಿನಿಂದ ದೂರಕ್ಕೆ ಕಂಪ್ಯೂಟರಿಗೆ ಸೇರುವ ಒಂದು ಬಿದಿರಿನ ಕೊಳವೆ ಎಳೆದು, ಅದರೊಳಗೆ ಪಿಸುಗುಡುವ ಏರ್ಪಾಡು ಮಾಡಿದ. ಕಳ್ಳನ ಮರವನ್ನು ಮತ್ತೆ ಬರೆದರು, ಈ ಸಲ ಗುಹೆಯೊಳಗೆ, ಹೊರಗಿನ ಕಣ್ಣಿಗೆ ಕಾಣದ ಹಾಗೆ. ಬೇರೆ ಕಡೆ ಕಂಪ್ಯೂಟರ್ ಕಾಯುವ ಮನುಷ್ಯರೂ ಇಂಥದ್ದೇ ಮರ ಬರೆಯುತ್ತಾರೆ, ಬೇಕಾದರೆ ಕೇಳಿ ನೋಡಿ.

ಈಗ ಪ್ರತಿ ಹುಣ್ಣಿಮೆಯ ಸಂಜೆ ಎಲ್ಲರೂ ಆ ಮರದ ಸುತ್ತ ಕೂರುತ್ತಾರೆ. "ಇವತ್ತು ನರಿ ನಾನು!" ಎಂದು ಬಾಲಪ್ಪನೇ ಮೊದಲು ಕೈ ಎತ್ತುತ್ತಾನೆ. ಹಲ್ಲು ಕಿರಿದು, ಕೈ ಉಜ್ಜಿ, ತನ್ನದೇ ಬಾಗಿಲನ್ನು ಮುರಿಯಲು ಹೊಸ ಹೊಸ ದಾರಿ ಹುಡುಕುತ್ತಾನೆ. ಒಂದು ದಾರಿ ಸಿಕ್ಕಿತೆಂದರೆ ಅವನಿಗೆ ಎಲ್ಲಿಲ್ಲದ ಖುಷಿ. ಗರಿಕೆ ಕಿವಿ ಕೆರೆದುಕೊಂಡು ಯೋಚಿಸಿ, ಆ ಕೊಂಬೆಯ ಮೇಲೆ ಒಂದು ಬೆಣಚುಕಲ್ಲು ಇಡುತ್ತಾಳೆ.

ನೀತಿ: ಮನೆ ಕಾಯುವವರು ಮೊದಲು ಕಳ್ಳನ ಕಣ್ಣಿನಿಂದ ತಮ್ಮ ಮನೆಯನ್ನು ನೋಡಬೇಕು, ಬಾಗಿಲಿನ ಬಿರುಕು ತೋರಿಸಿದವರನ್ನು ಕಳ್ಳರೆಂದು ದೂರ ತಳ್ಳಿದರೆ, ನಿಜವಾದ ಕಳ್ಳ ಆ ಬಿರುಕಿನಿಂದಲೇ ಒಳಗೆ ಬರುತ್ತಾನೆ.